ಬಂಗಲೆಯ ದಾರಿಯಲ್ಲಿ ನನ್ನ ಜಗುಲಿ

ಬಂದವರನ್ನು ‘ಯಾವ ಊರು, ಯಾರ ಮನೆ’ ಎಂದು ಕೇಳದೆ ಕಳಿಸುವುದು ನನ್ನಿಂದ ಆಗದ ಕೆಲಸ. ಇದನ್ನು ಕೆಲವರು ಅತಿಥಿ ಸತ್ಕಾರ ಎನ್ನುತ್ತಾರೆ. ಸತ್ಕಾರವೂ ಇಲ್ಲ, ಗಿತ್ಕಾರವೂ ಇಲ್ಲ. ನನ್ನ ಬಾಯಿ ಸುಮ್ಮನಿರುವುದಿಲ್ಲ, ಅಷ್ಟೆ. ಕೇಳುವುದಕ್ಕೂ ನಮ್ಮ ಕಡೆ ಒಂದು ಕ್ರಮವಿದೆ. ಮೊದಲು ಊರು, ಆಮೇಲೆ ಮನೆ, ಆಮೇಲೆ ತಾಯಿಯ ತವರು. ಅಷ್ಟು ಹೊತ್ತಿಗೆ ಎದುರಿಗಿದ್ದವರು ಹೇಗಾದರೂ ನೆಂಟರಾಗಿಬಿಡುತ್ತಾರೆ. ರಕ್ತದಲ್ಲಿ ಸಿಗದಿದ್ದರೆ ಎಮ್ಮೆಯಲ್ಲಿ ಸಿಗುತ್ತಾರೆ: ಅವರ ದೊಡ್ಡಪ್ಪ ಯಾವ ಕಾಲದಲ್ಲೋ ನಮ್ಮ ಮಾವನವರಿಂದ ಎಮ್ಮೆ ಕೊಂಡಿರುತ್ತಾನೆ. ನೆಂಟರೆಂದು ತಿಳಿದ ಮೇಲೆ ಊಟ ಹಾಕದೆ ಕಳಿಸುವಂತಿಲ್ಲ. ಊಟ ಹಾಕಿದ ಮೇಲೆ ದುಡ್ಡು ಕೇಳುವಂತಿಲ್ಲ. ಇದರಿಂದ ನನ್ನ ಅಕ್ಕಿ ಖರ್ಚಾಗುತ್ತಿತ್ತೇ ಹೊರತು ಊರಿಗೇನೂ ತೊಂದರೆ ಇರಲಿಲ್ಲ. ಸರ್ಕಾರ ಬಂಗಲೆ ಕಟ್ಟಿದ ಮೇಲೆ ನೋಡಿ, ನನ್ನ ಬಾಯಿ ಸರ್ಕಾರಿ ವಿಷಯವಾಯಿತು.

ಅಡಿಕೆ ಧಾರಣೆ ಬಿದ್ದು ಯಾರ ಕೈಯಲ್ಲೂ ಕಾಸಿಲ್ಲದ ವರ್ಷಗಳು ಅವು. ಒಂದು ದಿನ ಅಮಲ್ದಾರರು ನಮ್ಮೂರು ಕಿಗ್ಗಕ್ಕೆ ಬಂದು, ಊರವರನ್ನೆಲ್ಲ ಸೇರಿಸಿ ಮಾತಾಡಿದರು. ಇಲ್ಲಿನ ಜಲಪಾತ ನೋಡಲು ದೂರದ ಊರುಗಳಿಂದ ಜನ ಬರುತ್ತಾರಂತೆ. ಅದಕ್ಕಾಗಿ ಸರ್ಕಾರ ರಸ್ತೆಗೆ ಜಲ್ಲಿ ಹಾಕಿಸಿ, ಬಂಗಲೆ ಕಟ್ಟಿಸುತ್ತದಂತೆ. ಬಂದವರು ಅಲ್ಲಿ ಇಳಿದುಕೊಂಡು ಹಾಲಿಗೆ, ಕೋಳಿಗೆ, ಗಾಡಿಗೆ ದುಡ್ಡು ಕೊಟ್ಟರೆ ಊರು ಮತ್ತೆ ಚೇತರಿಸಿಕೊಳ್ಳುತ್ತದಂತೆ. “ನೀರು ಮೇಲಿಂದ ಕೆಳಗೆ ಬೀಳೋದನ್ನ ನೋಡ್ಲಿಕ್ಕೆ ದುಡ್ಡು ಕೊಟ್ಟು ಬರ್ತಾರಾ ಸ್ವಾಮಿ? ನಮ್ಮ ಎಮ್ಮೆಗಳು ದಿನಾ ನೋಡ್ತಾವೆ. ಒಂದಾದರೂ ಕತ್ತೆತ್ತಿದ್ದು ನಾ ಕಾಣೆ” ಎಂದೆ. ಅಮಲ್ದಾರರು ಕೆಮ್ಮಿದರು. ಹೆಂಗಸರು ಸಭೆಯಲ್ಲಿ ಮಾತಾಡಿದರೆ ದೊಡ್ಡವರಿಗೆಲ್ಲ ಗಂಟಲು ಕೆರೆಯುತ್ತದೆ.

ಬಂಗಲೆಯಂತೂ ಎದ್ದಿತು. ಅದಕ್ಕೊಬ್ಬ ಮೇಟಿ ಬೇಕಿತ್ತು. ಬೀಗದ ಕೈ ಇಟ್ಟುಕೊಂಡು, ಕಸ ಗುಡಿಸಿ, ಬಂದವರಿಗೆ ಅಡುಗೆ ಮಾಡಿ ಹಾಕುವವನು. ಆ ಕೆಲಸ ನನ್ನ ತಮ್ಮ ತಿಮ್ಮಪ್ಪನಿಗೆ ಸಿಕ್ಕಿತು. ಅವನು ಕೊಪ್ಪದ ಮಂಡಿಯಲ್ಲಿ ಅಡಿಕೆ ತೂಗುತ್ತಿದ್ದವನು. ತೂಗಲು ಅಡಿಕೆ ಬಾರದೆ ಕೆಲಸ ಹೋಗಿ, ಹೆಂಡತಿ ಮಕ್ಕಳೊಂದಿಗೆ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಬಂಗಲೆಯ ಹಿಂದೆ ಮೇಟಿಗೆಂದೇ ಎರಡು ಕೋಣೆ ಇದ್ದವು. ಅವನಿಗೆ ಸಂಬಳದ ಸಂತೋಷ, ನನಗೆ ಆ ಎರಡು ಕೋಣೆಗಳ ಸಂತೋಷ. ತಮ್ಮನ ಮೇಲೆ ಪ್ರೀತಿ ಇಲ್ಲವೆಂದಲ್ಲ. ದೂರದಿಂದ ಅದು ಇನ್ನೂ ಚೆನ್ನಾಗಿರುತ್ತದೆ. ಆದರೆ ಒಂದು ಷರತ್ತಿತ್ತು. ಬಂಗಲೆಯಲ್ಲಿ ಇಳಿದವರು ಒಂದು ಪುಸ್ತಕದಲ್ಲಿ ಹೆಸರು ಬರೆಯಬೇಕು. ವರ್ಷದೊಳಗೆ ಜನ ಬಾರದಿದ್ದರೆ ಬಂಗಲೆಗೆ ಬೀಗ, ಮೇಟಿ ಮನೆಗೆ.

ಮನೆಗೆ ಎಂದರೆ ಯಾರ ಮನೆಗೆ? ನನ್ನ ಮನೆಗೆ!

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಕೇಳಿ. ಮೋಟಾರು ನಿಲ್ಲುವ ಜಾಗದಿಂದ ಬಂಗಲೆಗೆ ಹೋಗುವವರು ನಮ್ಮ ಜಗುಲಿಯ ಮುಂದೆಯೇ ಹಾಯಬೇಕು. ಮೊದಲು ಬಂದವರು ಶಿವಮೊಗ್ಗದ ಮೇಷ್ಟರು ಮತ್ತು ಅವರ ಹೆಂಡತಿ. ಬಂಗಲೆ ಎಲ್ಲಿ ಎಂದು ಕೇಳಿದರು. ನಾನು ಊರು ಯಾವುದಾಯಿತು ಎಂದೆ. ಆಕೆಯ ಸೋದರತ್ತೆಯನ್ನು ಬೇಗಾರಿಗೆ ಕೊಟ್ಟಿದ್ದರು. ಬೇಗಾರಿನ ಆ ಮನೆಯಿಂದಲೇ ನಮ್ಮ ಹಿರಿಸೊಸೆ ಬಂದದ್ದು. ಮೂರು ದಿನ ನಮ್ಮಲ್ಲೇ ಉಳಿದರು. ಅವರ ಹಿಂದೆ ಬಂದ ನರಸಿಂಹರಾಜಪುರದ ವಕೀಲರು ಎಮ್ಮೆಯ ಕಡೆಯಿಂದ ನೆಂಟರಾದರು. ಹೀಗೆ ಆರು ತಿಂಗಳು ನಡೆಯಿತು. ತಿಮ್ಮಪ್ಪ ಬಂಗಲೆಯಲ್ಲಿ ಎಸರಿಟ್ಟುಕೊಂಡು ಕಾಯುವುದು, ಜನ ಇಲ್ಲಿ ಉಂಡು ತೇಗುವುದು.

ಒಂದು ದಿನ ಅವನು ಬುಸುಗುಟ್ಟುತ್ತ ಬಂದ.

“ಅಕ್ಕಾ, ನಿನ್ನ ಕಾಲಿಗೆ ಬೀಳ್ತೆ, ಬಾಯಿ ಮುಚ್ಕೊಂಡು ಕೂರು ಮಾರಾಯ್ತಿ.”

“ನಾ ಎಂತ ಮಾಡ್ದೆ? ಯಾವೂರು ಅಂದೆ, ಅಷ್ಟೇ ಅಲ್ವನಾ?”

“ಅದನ್ನೇ ಕೇಳ್ಬೇಡ ಅಂತ! ಪುಸ್ತಕದಲ್ಲಿ ಒಂದೂ ಹೆಸರಿಲ್ಲ. ತನಿಖೆಗೆ ಸಾಹೇಬ್ರು ಬರ್ತಾರಂತೆ. ಬೀಗ ಹಾಕಿದ್ರೆ ನಾನು, ಇವಳು, ಮಕ್ಕಳು, ನಾಲ್ಕೂ ಜನ ನಿನ್ನ ಒಲೆ ಮುಂದೆ ಬಂದು ಕೂರ್ತೀವಿ ನೋಡು.”

ಈ ಮಾತು ನಾಟಿತು. ಅಂದಿನಿಂದ ಮೋಟಾರಿನ ಸದ್ದಾದರೆ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಕೂರತೊಡಗಿದೆ. ಯಾರಾದರೂ ದಾರಿ ಕೇಳಿದರೆ ಬೆರಳಲ್ಲೇ ಉತ್ತರ. ಒಂದು ಸಂಸಾರ ನನ್ನೆದುರಿಗೇ ಹಾದು ಹೋಯಿತು. ಆ ಹೆಂಗಸಿನ ಸೆರಗಿನ ಕಟ್ಟು ನೋಡಿದರೆ ಕೊಪ್ಪದ ಕಡೆಯವಳೇ. ಕೇಳಲಿಲ್ಲ. ಆ ದಿನ ಉಂಡದ್ದು ಅರಗಲಿಲ್ಲ. ಪುಸ್ತಕದಲ್ಲಿ ಮಾತ್ರ ಮೊದಲ ಹೆಸರು ಬಿತ್ತು.

ಅದಾದ ವಾರಕ್ಕೆ ಕೋಟು ತೊಟ್ಟು ಕೊಡೆ ಹಿಡಿದವರೊಬ್ಬರು ಬಂದು ನೀರು ಕೇಳಿದರು. ನೀರು ಬೆಲ್ಲ ಕೊಟ್ಟೆ, ಬೆರಳಲ್ಲಿ ದಾರಿ ತೋರಿಸಿದೆ. ಆ ಪುಣ್ಯಾತ್ಮ ಹೊರಡಬೇಕೋ ಬೇಡವೋ? ಚೊಂಬು ಕೆಳಗಿಟ್ಟು, “ಅಮ್ಮಾ, ನಿಮ್ಮ ತವರು ಯಾವುದಾಯ್ತು?” ಎಂದರು.

ನೋಡಿ, ನಾನು ಕೇಳಿರಲಿಲ್ಲ. ಕೇಳಿದವರಿಗೆ ಉತ್ತರ ಕೊಡದಿದ್ದರೆ ಮರ್ಯಾದೆಯೇ? ಅಂಗಳದ ಮೂಲೆಗೆ ಹೋಗಿ ಬಾಯಿ ಬರಿದು ಮಾಡಿಕೊಂಡು ಬಂದೆ. ಅವರ ತಾಯಿಯೂ ನಾನೂ ಒಂದೇ ಊರಿನ ಆಚೆ ಮನೆ ಈಚೆ ಮನೆಯವರು. ತಿಮ್ಮಪ್ಪ ಓಡಿ ಬಂದಾಗ ತನಿಖೆಯ ಸಾಹೇಬರು ನಮ್ಮ ಅಡುಗೆಮನೆಯಲ್ಲಿ ಐದನೆಯ ಕಡುಬು ಮುರಿಯುತ್ತಿದ್ದರು. ತಮ್ಮನ ಮುಖ ನೋಡಿ ಸಾಹೇಬನತ್ತ ತಿರುಗಿದೆ; ನೆಂಟನಾದವನಿಗೆ ಇನ್ನು ಬಹುವಚನ ಯಾಕೆ?

“ರಾತ್ರಿ ಬಂಗಲೇಲೇ ಮಲಗಪ್ಪಾ, ಆ ಪುಸ್ತಕದಲ್ಲಿ ಒಂದು ಹೆಸರು ಗೀಚು” ಎಂದೆ.

“ದೊಡ್ಡಮ್ಮನ ಮನೆ ಇಟ್ಕೊಂಡು ಬಂಗಲೇಲಿ ಮಲಗಿದೆ ಅಂದ್ರೆ ನನ್ನ ತಾಯಿ ಮನೆಯೊಳಗೆ ಸೇರಿಸ್ತಾಳಾ?” ಎಂದ ಅವನು, ಇನ್ನೊಂದು ಕಡುಬಿಗೆ ಎಲೆ ಒಡ್ಡಿದ.

ಎರಡು ದಿನ ಇದ್ದ. ಜಗುಲಿಯಲ್ಲಿ ಕೂತು, ಮೋಟಾರಿನಿಂದ ಇಳಿದವರು ನನ್ನ ಕೈಯಲ್ಲಿ ಹೇಗೆ ನೆಂಟರಾಗುತ್ತಾರೆ ಎಂಬುದನ್ನು ಕಣ್ಣಾರೆ ಕಂಡ. ಹೊರಡುವ ಮುಂಚೆ ತನ್ನ ವರದಿಯನ್ನು ತಿಮ್ಮಪ್ಪನಿಗೆ ಓದಿ ಹೇಳಿದನಂತೆ: ಬಂಗಲೆ ಸರಿಯಾಗಿದೆ, ಮೇಟಿ ಸರಿಯಾಗಿದ್ದಾನೆ, ದಾರಿ ಮಾತ್ರ ತಪ್ಪು ಕಡೆ ಇದೆ. ಮಳೆಗಾಲ ಕಳೆಯುತ್ತಲೇ ಗುದ್ದಲಿಯವರು ಬಂದು, ಮೋಟಾರು ನಿಲ್ಲುವ ಜಾಗದಿಂದ ಗುಡ್ಡದ ಹಿಂಬದಿ ಬಳಸಿ ಬಂಗಲೆಗೆ ಹೊಸ ರಸ್ತೆ ಕಡಿದರು. ಊರಿನ ಎಷ್ಟೋ ಜನಕ್ಕೆ ಕೂಲಿ ಸಿಕ್ಕಿತು. ಪುಸ್ತಕ ತುಂಬತೊಡಗಿತು, ತಿಮ್ಮಪ್ಪನ ಕೆಲಸ ಉಳಿಯಿತು. ಸರ್ಕಾರಕ್ಕೆ ನಮ್ಮೂರಿನ ಮೇಲೆ ಎಂಥ ಅಭಿಮಾನ ಎಂದು ಪಟೇಲರು ಈಗಲೂ ಹೇಳುತ್ತಾರೆ. ಒಬ್ಬ ಮುದುಕಿಯ ಬಾಯಿ ತಪ್ಪಿಸಲು ಗುಡ್ಡ ಕಡಿಸಿದ್ದೆಂದು ನಾನೇ ಹೇಗೆ ಹೇಳಿಕೊಳ್ಳಲಿ?

ನಮ್ಮ ಜಗುಲಿ ಈಗ ಬಿಕೋ ಎನ್ನುತ್ತದೆ. ಅಕ್ಕಿ ಉಳಿಯುತ್ತಿದೆ, ನಾನು ಸುಖವಾಗಿದ್ದೇನೆ. ಆದರೆ ಹಪ್ಪಳ ಒಣಗಿಸಲು ನಮ್ಮ ಅಂಗಳದ ಬಿಸಿಲು ಈಚೆಗೆ ಯಾಕೋ ಸಾಲುತ್ತಿಲ್ಲ. ಗುಡ್ಡದ ಹಿಂದೆ, ಆ ಹೊಸ ರಸ್ತೆಯ ತಿರುವಿನಲ್ಲಿ, ಒಳ್ಳೆಯ ಬಿಸಿಲಿದೆ. ಮೋಟಾರು ಬರುವ ಹೊತ್ತಿಗಂತೂ ಇನ್ನೂ ಚೆನ್ನಾಗಿರುತ್ತದೆ. ನಾಲ್ಕು ದಿನದಿಂದ ಚಾಪೆ ಹೊತ್ತುಕೊಂಡು ಅಲ್ಲಿಗೇ ಹೋಗುತ್ತಿದ್ದೇನೆ. ತಿಮ್ಮಪ್ಪನಿಗೆ ಯಾರೂ ಹೇಳಬೇಡಿ.