ಏಳು ಕಳೆಗಳ ಸಿಂಬಿ

ಎಲ್ಲಕ್ಕೂ ಮೂಲ ಹೆಂಡತಿಯ ಚಿಕ್ಕಮ್ಮನ ಫೋನು. ಅದು ಬಂದದ್ದು ಬೆಳಗ್ಗೆ ಆರೂಕಾಲಿಗೆ, ಮೋಡಣ್ಣ ಒಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಇನ್ನೊಂದು ಕೈಯಲ್ಲಿ ದಾಖಲೆ ಪುಸ್ತಕ ಹಿಡಿದು ನಿಂತಿದ್ದಾಗ.

ಮೋಡಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹವಾಮಾನ ಕೇಂದ್ರದಲ್ಲಿ ಅವನದು ವೀಕ್ಷಕನ ಕೆಲಸ. ದಿನಕ್ಕೆ ಇಷ್ಟು ಸಲ ಎಂದು ಆಕಾಶ ನೋಡಿ, ಅದರಲ್ಲಿ ಎಷ್ಟು ಭಾಗ ಮೋಡ ಎಂದು ಬರೆಯಬೇಕು. ಮೇಲೆ ನೋಡಿಕೊಂಡೇ ನಡೆಯುವ ಅಭ್ಯಾಸ ಮನೆಯ ದಾರಿಗೂ ಅಂಟಿ, ಎರಡು ಸೈಕಲ್ಲು, ಒಂದು ಹಾಲಿನ ಕ್ಯಾನು ಮತ್ತು ಒಬ್ಬ ವಕೀಲರಿಗೆ ಡಿಕ್ಕಿ ಹೊಡೆದ ಮೇಲೆ ಬೀದಿಯವರು ಆ ಹೆಸರನ್ನು ಖಾಯಂ ಮಾಡಿದರು. ಅವನೂ ಒಪ್ಪಿಕೊಂಡ. ಕಿವುಡಣ್ಣ, ಕುಂಟಣ್ಣ ಎನ್ನುವುದಕ್ಕಿಂತ ಇದು ವಾಸಿ.

ಹೆಂಡತಿ ಕಡಲತೀರದ ಊರೊಂದರಲ್ಲಿ ಶಾಲಾ ಟೀಚರು. ಅಲ್ಲಿಗೆ ಹೋಗಲು ಹದಿನಾಲ್ಕು ಗಂಟೆಯ ಬಸ್ಸು. ಐದು ವರ್ಷದಿಂದ ಅವಳು ಅಲ್ಲಿ, ಇವನು ಇಲ್ಲಿ. ಹೋದ ಸಲ ಅವನು ಮನೆಗೆ ಹೋದಾಗ ಆರು ವರ್ಷದ ಮಗಳು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಳು: "ಅಮ್ಮಾ, ಅಪ್ಪಂಗೆ ನೀರು ನೆಂಟ್ರ ಲೋಟದಲ್ಲಿ ಕೊಡ್ಲಾ?" ಮೋಡಣ್ಣ ಅಲ್ಲಿ ನಕ್ಕ. ಬಸ್ಸಿನಲ್ಲಿ ಅತ್ತ. ವರ್ಗಾವಣೆಗೆ ಅವನು ಹಾಕಿದ ಅರ್ಜಿಗಳು ಇಲ್ಲಿಯವರೆಗೆ ಹನ್ನೊಂದು. ಎಲ್ಲವನ್ನೂ ಕೈಯಲ್ಲೇ ಬರೆದು, ತಾನೇ ಅಂಚೆಗೆ ಹಾಕಿದ್ದ. ಕೇಂದ್ರದವರಿಗೆ ಸುಳಿವು ಕೊಟ್ಟಿರಲಿಲ್ಲ. ಜ್ವರ ಬಂದರೆ ಗಂಜಿ ತಂದುಕೊಡುವ ಜನ ಅವರು, 'ನಿಮ್ಮನ್ನು ಬಿಟ್ಟು ಹೋಗಬೇಕು' ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

"ಅಳಿಯಂದ್ರೇ, ಅರ್ಜಿಗೆ ಮೇಲಿನೋರು ಜಗ್ಗಲ್ಲ, ಯಾಕೆ ಗೊತ್ತಾ?" ಎಂದರು ಚಿಕ್ಕಮ್ಮ. "ನಿಮ್ಮನ್ನ ಹಿಡ್ಕೊಂಡಿರೋದು ಆಫೀಸಲ್ಲ. ನೆಲ! ನೀವು ನಿಂತಿರೋ ನೆಲ. ಅದು ಕೈ ಬಿಡ್ಬೇಕು."

ಚಿಕ್ಕಮ್ಮ ನಿವೃತ್ತ ಗಣಿತದ ಟೀಚರು. ಈಗ ತೋಟಗಾರಿಕೆ ಸಂಘ ಸೇರಿ, ಗಿಡಗಳ ಜೊತೆ ಮಾತಾಡುವ ಮಟ್ಟ ಮುಟ್ಟಿದ್ದರು.

"ಇವತ್ತು ವರ್ಷದ ಅತಿ ಚಿಕ್ಕ ಹಗಲು ಅನ್ನೋದು ನಿಮಗೆ ನಾನು ಹೇಳ್ಬೇಕಾಗಿಲ್ಲ. ಇವತ್ತು ನೆಲಕ್ಕೆ ಅರೆನಿದ್ದೆ. ಏನು ಕೇಳಿದ್ರೂ ಹೂಂ ಅನ್ನುತ್ತೆ. ಬರ್ಕೊಳ್ಳಿ."

ಮೋಡಣ್ಣ ಬರೆದುಕೊಂಡ, ಬ್ರಷ್ಷು ಬಾಯಲ್ಲೇ ಇತ್ತು. ಕೇಂದ್ರದ ಬೇಲಿಯೊಳಗೇ ಬೆಳೆದ, ಯಾರೂ ಬಿತ್ತದ ಏಳು ಬಗೆಯ ಗಿಡ ಬೇಕು. ಕೀಳುವ ಮೊದಲು ಪ್ರತಿಯೊಂದರ ಅಪ್ಪಣೆಯನ್ನು ಬಾಯಿಬಿಟ್ಟು ಕೇಳಬೇಕು. ಏಳನ್ನೂ ಸೇರಿಸಿ, ತಲೆಯ ಮೇಲೆ ಕೊಡದ ಅಡಿಗೆ ಇಡುವ ಸಿಂಬಿಯ ಹಾಗೆ ಸುತ್ತಬೇಕು, ಸುತ್ತುವಾಗ ಬೇಡಿಕೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ನಡು ಮಧ್ಯಾಹ್ನ ತನ್ನ ತಲೆಯ ನೆರಳು ಬೀಳುವ ಜಾಗದಲ್ಲಿ ಅಗೆದು ಹೂಳಿ ನೀರು ಬಿಡಬೇಕು.

"ಬೇಡಿಕೆ ಏನೂಂತ ಮಾತ್ರ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಬಿಟ್ರೆ ಮುಗೀತು."

"ಚಿಕ್ಕಮ್ಮ, ಇದು ಮಾಟ ಅಲ್ವಾ?"

"ಥೂ! ಮಾಟ ಅನ್ಬೇಡಿ. ನೆಲದ ಜೊತೆ ಮಾತುಕತೆ ಅನ್ನಿ" ಎಂದು ಚಿಕ್ಕಮ್ಮ ಫೋನಿಟ್ಟರು.

ಮೋಡಣ್ಣ ವಿಜ್ಞಾನ ಓದಿದವನು. ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಹನ್ನೊಂದು ಅರ್ಜಿಗಳನ್ನು ನಂಬಿದವನಿಗೆ ಏಳು ಗಿಡಗಳನ್ನು ನಂಬುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಮೊದಲ ಕಂಟಕ ಅವನೇ ಮಾಡಿಟ್ಟದ್ದು. ಉಪಕರಣಗಳ ಸುತ್ತ ಹುಲ್ಲು ಗಿಡ್ಡವಾಗಿರಬೇಕು, ಕಳೆ ಇರಕೂಡದು ಎಂಬುದು ಇಲಾಖೆಯ ನಿಯಮ. ಅದನ್ನು ಐದು ವರ್ಷ ಕಟ್ಟುನಿಟ್ಟಾಗಿ ಪಾಲಿಸಿದ ಅಂಗಳದಲ್ಲಿ ಈಗ ಗರಿಕೆ ಬಿಟ್ಟರೆ ಏನೂ ಇರಲಿಲ್ಲ. ಮಿಕ್ಕ ಆರಕ್ಕೆ ಬೇಲಿಯ ಬುಡವೇ ಗತಿ. ಹತ್ತು ಗಂಟೆಗೆ ಮೋಡಣ್ಣ, ಜೀವಮಾನದಲ್ಲಿ ಮೊದಲ ಬಾರಿ ಕೆಳಗೆ ನೋಡುತ್ತ, ಮಂಡಿಯೂರಿ ಬೇಲಿಗುಂಟ ತೆವಳಲು ಶುರುಮಾಡಿದ.

ಬೇಲಿಯಾಚೆ ಇಸ್ತ್ರಿ ಅಂಗಡಿ. ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಬಗ್ಗಿ ನೋಡಿದ.

"ಏನ್ ಹುಡುಕ್ತಿದೀರಾ ಮೋಡಣ್ಣ?"

"ಏನಿಲ್ಲ."

"ಏನಿಲ್ಲದ್ದಕ್ಕೆ ಯಾರೂ ಮಂಡಿ ತರಚ್ಕೊಳಲ್ಲ. ಕಳ್ದೋಗಿದ್ದು ಉಂಗುರಾನಾ?"

 ಆ ಹೊತ್ತಿಗೆ ಮೋಡಣ್ಣ ಒಂದು ನೆಲನೆಲ್ಲಿಯ ಮುಂದೆ ಕೈಮುಗಿದು, "ಅಮ್ಮಾ, ನಿನ್ನನ್ನ ಕೀಳ್ಲಾ?" ಎಂದು ಕೇಳುತ್ತಿದ್ದ. ಇಸ್ತ್ರಿಯವನು ಅಂಗಡಿಯನ್ನು ಹಾಗೇ ಬಿಟ್ಟು, ಗೇಟಿನ ಕಡೆಗೆ ಓಡಿದ.

ಐದು ನಿಮಿಷದಲ್ಲಿ ಇಡೀ ಕೇಂದ್ರ ಅಂಗಳದಲ್ಲಿತ್ತು. ಇಡೀ ಕೇಂದ್ರ ಎಂದರೆ ಟೈಪಿಸ್ಟ್ ಅಕ್ಕ ಮತ್ತು ವಾಚ್‌ಮನ್ ತಾತ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನೋಡಿದರು. ಅವರು ವಾರಪತ್ರಿಕೆಯನ್ನು ಮೊದಲ ಪುಟದಿಂದ ಮುದ್ರಕರ ವಿಳಾಸದವರೆಗೆ ಓದುವವರು.

"ಗೊತ್ತಾಯ್ತು! ಚಿಕ್ಕ ಹಗಲಿನ ಪ್ರಯೋಗ! ಹೋದ ವಾರ ಪೂರ್ತಿ ಒಂದು ಪುಟ ಬಂದಿತ್ತು. ಏನ್ ಕೇಳ್ಕೊತಿದೀಯಪ್ಪಾ?"

"ಹೇಳೋ ಹಾಗಿಲ್ಲ ಅಕ್ಕಾ."

"ಹೇಳ್ಬೇಡ, ಹೇಳ್ಬೇಡ. ಪತ್ರಿಕೇಲೂ ಹಾಗೇ ಇತ್ತು. ಆದ್ರೆ ಅದ್ರಲ್ಲಿ ಒಂಬತ್ತು ಗಿಡ."

"ನನ್ನದು ಏಳೇ."

"ಏಳಂದ್ರೆ ಸಣ್ಣ ಕೆಲಸ. ಏನೋ ಆರೋಗ್ಯದ ವಿಷಯ ಇರ್ಬೇಕು" ಎಂದು ತಾತನ ಕಿವಿಯಲ್ಲಿ ಅಂದರು. ತಾತ ಮೋಡಣ್ಣನನ್ನು ಮರುಕದಿಂದ ನೋಡತೊಡಗಿದ.

ಅಲ್ಲಿಂದ ಕೆಲಸ ಸಾಮೂಹಿಕವಾಯಿತು. ಅಕ್ಕ ಹುಳಿಸೊಪ್ಪು ಹುಡುಕಿಕೊಟ್ಟರು. ತಾತ ತನ್ನ ಗೂಡಿನ ಹಿಂದಿನಿಂದ ಗೋಣಿಸೊಪ್ಪು ತೋರಿಸಿದ. ತುಂಬೆ ನೀರಿನ ತೊಟ್ಟಿಯ ಬಳಿ ಸಿಕ್ಕಿತು. ಉತ್ತರಾಣಿಯನ್ನು ಹುಡುಕಬೇಕಾಗಲೇ ಇಲ್ಲ, ಮೋಡಣ್ಣನ ಪ್ಯಾಂಟಿಗೆ ಮುಳ್ಳುಕಾಳು ಅಂಟಿಸಿ ಅದೇ ಹಿಂದೆ ಬಂದಿತ್ತು. ಗಿಡ ತಾನಾಗಿ ಬಂದರೆ ಅಪ್ಪಣೆ ಕೇಳಬೇಕೇ ಬೇಡವೇ ಎಂದು ಕಾಲು ಗಂಟೆ ಚರ್ಚೆಯಾಯಿತು. ಯಾವುದಕ್ಕೂ ಇರಲಿ ಎಂದು ಅವನು ತನ್ನ ಪ್ಯಾಂಟನ್ನೇ ಉದ್ದೇಶಿಸಿ ಕೇಳಿಕೊಂಡ.

ಏಳನೆಯದು ಮುಟ್ಟಿದರೆ ಮುನಿ. ಮೋಡಣ್ಣ ಭಕ್ತಿಯಿಂದ ಅಪ್ಪಣೆ ಕೇಳಿ ಕೈ ಹಚ್ಚಿದ್ದೇ ತಡ, ಅದು ಎಲೆಯನ್ನೆಲ್ಲ ಮಡಚಿ ಮುಖ ತಿರುಗಿಸಿತು.

"ಆಗಲ್ಲ ಅಂತಿದೆ" ಎಂದ ಇಸ್ತ್ರಿಯವನು.

"ಇಲ್ಲಪ್ಪ, ಅದು ತಲೆ ಬಾಗಿಸಿದ್ದು. ಒಪ್ಪಿಗೆ" ಎಂದರು ಅಕ್ಕ.

"ಒಪ್ಪಿಗೆ ಅಂದ್ರೆ ಬಾಗಿಲು ಹಾಕ್ಕೊತಾರಾ?"

"ನಾಚಿಕೆ ಇರೋರು ಹಾಕ್ಕೊತಾರೆ."

ತಾತ ನಡುವೆ ಬಂದು, ಇನ್ನೊಂದು ಸಲ ಕೇಳಿದರೆ ತಿಳಿಯುತ್ತದೆ ಎಂದ. ಅದು ಎಲೆ ಬಿಚ್ಚಲಿ ಎಂದು ನಾಲ್ವರೂ ಸುತ್ತ ಕುಕ್ಕರುಗಾಲಲ್ಲಿ ಕೂತು ಕಾದರು. ಬಿಚ್ಚಿತು. ಕೇಳಿದರು. ಮತ್ತೆ ಮುದುಡಿತು. ಮೂರನೆಯ ಸಲಕ್ಕೆ ಮೋಡಣ್ಣ ಗಡಿಯಾರ ನೋಡಿ, ಕಣ್ಣು ಮುಚ್ಚಿ ಕಿತ್ತೇಬಿಟ್ಟ. ಬೆರಳಿಗೆ ಎರಡು ಮುಳ್ಳು ಚುಚ್ಚಿದವು.

ಸಿಂಬಿ ಸುತ್ತಲು ಕೂತರೆ ಗೋಣಿಸೊಪ್ಪು ಮುರಿಯುತ್ತದೆ, ನೆಲನೆಲ್ಲಿ ಜಾರುತ್ತದೆ. "ಬಿಡು, ನಾನೊಂದು ಸುತ್ತು ಹಾಕ್ತೀನಿ" ಎಂದು ಅಕ್ಕ ಕೈ ಹಾಕಿದರು. ಇಸ್ತ್ರಿಯವನು ಬಟ್ಟೆಯ ಗಂಟು ಕಟ್ಟುವ ಕೈಚಳಕದಿಂದ ಒಂದು ಬಿಗಿ ಹಾಕಿದ. ತಾತ ತುದಿಯನ್ನು ಒಳಗೆ ಸಿಕ್ಕಿಸಿದ. ಮೂವರೂ ಏಕೋ ಒಂದು ಕ್ಷಣ ಕಣ್ಣು ಮುಚ್ಚಿದ್ದರು. ಮೋಡಣ್ಣನಿಗೆ ಅದನ್ನು ಗಮನಿಸುವಷ್ಟು ಪುರುಸೊತ್ತಿರಲಿಲ್ಲ. ಅವನು ತನ್ನ ಬೇಡಿಕೆಯಲ್ಲಿ ಮುಳುಗಿದ್ದ.

ನಡು ಮಧ್ಯಾಹ್ನ ಎಂದರೆ ಗಡಿಯಾರದ ಹನ್ನೆರಡಲ್ಲ. ಸೂರ್ಯ ನೆತ್ತಿಯ ಗೆರೆ ದಾಟುವ ಹೊತ್ತನ್ನು ಮೋಡಣ್ಣ ಲೆಕ್ಕ ಹಾಕಿಟ್ಟಿದ್ದ: ಹನ್ನೆರಡು ಹತ್ತೊಂಬತ್ತು. ಅಂಗಳದ ನಡುವೆ ಕಂಬದಂತೆ ನಿಂತ. ನೆರಳಿನ ತಲೆ ನೇರ ಮಳೆಮಾಪಕದ ಪಕ್ಕಕ್ಕೆ ಬಿತ್ತು. ಮಳೆಮಾಪಕ ಎಂದರೆ ನೆಲದಲ್ಲಿ ಹೂತ, ಮೇಲೆ ಬಾಯಿ ತೆರೆದ ಡಬ್ಬಿ. ಅದರ ಹತ್ತಿರ ಇಲಾಖೆಯವರು ಕೆಮ್ಮಲೂ ಹೆದರುತ್ತಾರೆ.

"ಅಲ್ಲಾಡ್ಬೇಡಿ, ತಲೆ ಓಡೋಗುತ್ತೆ!" ಎಂದು ಕೂಗುತ್ತ ಇಸ್ತ್ರಿಯವನು ನೆರಳಿನ ಹಣೆಗೆ ಗುದ್ದಲಿ ಹಾಕಿದ. ಸಿಂಬಿ ಮಣ್ಣಿಗೆ ಇಳಿಯಿತು. ತಾತ ಬಕೆಟ್ಟು ಎತ್ತಿಕೊಂಡು ಬಂದ. ತಾತನ ಎರಡು ಕಣ್ಣಿಗೂ ಪೊರೆ. ಅಗೆದ ಗುಂಡಿ ಯಾವುದು, ಡಬ್ಬಿಯ ಬಾಯಿ ಯಾವುದು ಎಂಬ ಭೇದ ಅವನಿಗೆ ಆ ಬಿಸಿಲಿನಲ್ಲಿ ಕಾಣಲಿಲ್ಲ. ಅರ್ಧ ಬಕೆಟ್ಟನ್ನು ಶ್ರದ್ಧೆಯಿಂದ ಮಳೆಮಾಪಕಕ್ಕೆ ಸುರಿದ.

"ಶಭಾಷ್!" ಎಂದಿತು ಗೇಟಿನ ಬಳಿ ಒಂದು ದನಿ.

ಅದು ಪ್ರಧಾನ ಕಚೇರಿಯ ತಪಾಸಣೆ ಸಾಹೇಬರು. ಹೇಳದೆ ಕೇಳದೆ ಬರುವುದು ಅವರ ಪದ್ಧತಿ. ಕಂಕುಳಲ್ಲಿ ಚರ್ಮದ ಚೀಲ, ಮುಖದಲ್ಲಿ ಯಾವ ಭಾವವೂ ಇಲ್ಲ.

"ಮೋಡ ಎಷ್ಟು ಭಾಗ?" ಎಂದರು.

"ಸೊ... ಸೊನ್ನೆ, ಸರ್."

"ಮಳೆ?" ಎಂದು ಅವರು ಮಳೆಮಾಪಕದೊಳಗೆ ಬಗ್ಗಿ ನೋಡಿದರು. ಅದು ತುಂಬಿ ತುಳುಕುತ್ತಿತ್ತು.

ಮೋಡಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸರ್ಕಾರಿ ಅಂಗಳದಲ್ಲಿ ಮಂತ್ರ ಮಾಡಿದೆ ಎಂದರೆ ಅಮಾನತು. ಅದಕ್ಕೆ ಅಳತೆಯ ಡಬ್ಬಿ ಕೆಡಿಸಿದ್ದೂ ಸೇರಿದರೆ ಕೆಲಸವೇ ಹೋಯಿತು. ಅವನು ಬಾಯಿ ತೆರೆದ. ಆದರೆ ಮಾತು ಅಕ್ಕನ ಬಾಯಿಂದ ಬಂತು.

"ಸೋರುತ್ತಾ ಅಂತ ಪರೀಕ್ಷೆ, ಸರ್! ಮಳೆ ಇಲ್ಲದ ದಿನಾನೇ ಇದನ್ನ ಮಾಡ್ಬೇಕು ಅಂತ ಇವರು ಊಟಾನೂ ಬಿಟ್ಟು ನಿಂತಿದಾರೆ."

"ಮತ್ತೆ ಆ ಗಿಡಗಳು? ಬೆಳಗ್ಗೆಯಿಂದ ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡ್ತಿದೀನಿ. ಗಿಡದ ಹತ್ರ ಮಾತಾಡ್ತಿದ್ರಿ."

ಈಗ ಮೋಡಣ್ಣನಿಗೂ ನಾಲಿಗೆ ಬಂತು. ಪ್ರಾಣಭಯದಲ್ಲಿ ಬರುವ ನಾಲಿಗೆ ಅದು. "ಅಧ್ಯಯನ, ಸರ್. ಈ ನೆಲದ ಸೊಪ್ಪುಗಳು ಹವಾಮಾನಕ್ಕೆ ಹೇಗೆ ಸ್ಪಂದಿಸ್ತವೆ ಅಂತ. ಚಿಕ್ಕ ಹಗಲಿಂದ ದೊಡ್ಡ ಹಗಲಿನವರೆಗೆ ದಾಖಲೆ. ಸ್ವಂತ ಆಸಕ್ತಿ, ಸರ್. ಈ ನೆಲ ಅಂದ್ರೆ ನನಗೆ... ನನಗೆ..."

"ಪ್ರಾಣ" ಎಂದ ಇಸ್ತ್ರಿಯವನು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಿದ್ರೆ ವರ್ಗ ಮಾಡಿ ವರ್ಗ ಮಾಡಿ ಅಂತ ಹನ್ನೊಂದು ಅರ್ಜಿ ಯಾಕೆ ಹಾಕಿದ್ರಿ?"

 ತಾತನ ಕೈಯಿಂದ ಬಕೆಟ್ಟು ಬಿತ್ತು. ಅಕ್ಕ ಮೋಡಣ್ಣನತ್ತ ನೋಡಿದ ನೋಟದಲ್ಲಿ ನೋವಿತ್ತು. ಆದರೂ ಅವನನ್ನು ಬಿಟ್ಟುಕೊಡುವ ಪೈಕಿ ಅಲ್ಲ ಅವರು. "ಅದು ಮನೆಯೋರ ಕಾಟಕ್ಕೆ ಹಾಕಿರ್ತಾರೆ, ಸರ್. ಮನಸ್ಸೆಲ್ಲ ಇಲ್ಲೇ. ಈ ನೆಲ ಬಿಟ್ರೆ ಎರಡು ದಿನ ಬದುಕಲ್ಲ ಇವರು."

"ನಾನೂ ಅದೇ ಅಂದ್ಕೊಂಡೆ" ಎಂದು ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದರು. "ಇದು ನಿಮ್ಮ ವರ್ಗಾವಣೆ ಆದೇಶ. ಆ ಕಡಲತೀರದ ಊರಿಗೇ. ಮೊನ್ನೆ ಸಹಿ ಆಯ್ತು, ಕೈಯಾರೆ ಕೊಡೋಣ ಅಂತ ಬಂದೆ. ಇಂಥ ಮನುಷ್ಯನನ್ನ ಇಲ್ಲಿಂದ ಕಿತ್ತಿದ್ರೆ ಎಂಥಾ ಪಾಪ ಆಗ್ತಿತ್ತು!" ಎಂದು ಅದನ್ನು ನೀಟಾಗಿ ನಾಲ್ಕು ಚೂರು ಮಾಡಿದರು.

"ಸರ್, ಸರ್, ಬೇಡ, ನಾನು ಹೋಗ್ತೀನಿ!" ಮೋಡಣ್ಣ ಚೂರುಗಳಿಗೆ ಕೈ ಚಾಚಿದ.

"ನನಗೆ ಮುಜುಗರ ಆಗದಿರಲಿ ಅಂತ ಹೇಳ್ತಿದೀರಿ. ತ್ಯಾಗ ಬೇಡ."

"ಇಲ್ಲ ಸರ್, ನಿಜ ಹೇಳ್ತೀನಿ. ಅದು ಅಧ್ಯಯನ ಅಲ್ಲ, ಮಂತ್ರ! ವರ್ಗ ಆಗ್ಲಿ ಅಂತ ಮಾಡಿದ ಮಂತ್ರ! ನನ್ನ ಹೆಂಡ್ತಿ ಚಿಕ್ಕಮ್ಮ ಹೇಳ್ಕೊಟ್ಟಿದ್ದು!"

ಸಾಹೇಬರು ಇಪ್ಪತ್ತು ವರ್ಷದಿಂದ ನಗದವರು, ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. "ವಿಜ್ಞಾನಿಗಳಲ್ಲಿ ಇಷ್ಟು ಹಾಸ್ಯಪ್ರಜ್ಞೆ ಅಪರೂಪ. ಅಧ್ಯಯನ ಹತ್ತು ವರ್ಷ ನಡೀಲಿ. ವರ್ಷಕ್ಕೊಂದು ವರದಿ ಕಳಿಸಿ" ಎಂದು ಬೆನ್ನು ತಟ್ಟಿ, ಜೀಪು ಹತ್ತಿ ಹೋದರು.

ಮೋಡಣ್ಣ ಮಳೆಮಾಪಕದ ಪಕ್ಕ ಕುಸಿದು ಕೂತ.  ಅಕ್ಕ ಬಂದು ಪಕ್ಕದಲ್ಲೇ ಕೂತರು. ಅವರ ಕಣ್ಣಲ್ಲಿ ನೀರಿತ್ತು.

"ನಮಗೆ ಗೊತ್ತಿರ್ಲಿಲ್ಲ ಕಣಪ್ಪಾ. ಒಂದು ಮಾತು ಹೇಳಿದ್ರೆ ನಾವೇ ಸಾಹೇಬರ ಕಾಲು ಹಿಡೀತಿದ್ವಿ. ನಾನು ಸಿಂಬಿಗೆ ಸುತ್ತು ಹಾಕುವಾಗ, ನೀನು ಎಲ್ಲೂ ಹೋಗದೆ ಇಲ್ಲೇ ಇರ್ಬೇಕು ಅಂತ ಕೇಳ್ಕೊಂಡುಬಿಟ್ಟೆ."

"ನಾನೂ" ಎಂದ ಇಸ್ತ್ರಿಯವನು, ತಲೆ ತಗ್ಗಿಸಿ.

"ನಾನೂ ಅದನ್ನೇ ಕೇಳ್ದೆ" ಎಂದ ತಾತ. "ಆರೋಗ್ಯವಾಗಿ, ಇಲ್ಲೇ ಇರಲಿ ಅಂತ."

ಮೋಡಣ್ಣ ಮೂವರ ಮುಖವನ್ನೂ ನೋಡಿದ. ಬೈಯಲು ಹೊರಟವನು, ತಾತನ ಕೈಯಿಂದ ಬಿದ್ದಿದ್ದ ಬಕೆಟ್ಟನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

ಸಂಜೆ, ಹೊತ್ತು ಮುಳುಗುವ ಮುಂಚೆಯೇ, ಹೆಂಡತಿಯ ಫೋನು ಬಂತು. ದನಿಯಲ್ಲಿ ಆಸೆ ಕುಣಿಯುತ್ತಿತ್ತು.

"ಏನಾಯ್ತು ರೀ? ಚಿಕ್ಕಮ್ಮ ಹೇಳಿದ ಹಾಗೇ ಮಾಡಿದ್ರಾ? ನೆಲ ಕೇಳ್ತಾ?"

"ಕೇಳ್ತು ಕಣೇ, ಎಲ್ಲಾರ ಮಾತನ್ನೂ ಕೇಳ್ತು" ಎಂದ ಮೋಡಣ್ಣ. "ಆಮೇಲೆ ಬಹುಮತ ನೋಡ್ತು."