ಗುಡ್ಡ ನೋಡಲು ನೆಲಕ್ಕೆ ಕೂಡಿಸಿದ ಅತ್ತೆ

ನಮ್ಮತ್ತೆ ಸ್ವರ್ಗಕ್ಕೆ ಹೋದರೂ ಮೊದಲು ಅಲ್ಲಿನ ಕುರ್ಚಿಗಳ ಜಾಗ ಬದಲಿಸುತ್ತಾಳೆ! ಕಂಪ್ಲಿಯ ಮದುವೆಯೊಂದರಲ್ಲಿ ಕುರ್ಚಿಗಳನ್ನೆಲ್ಲ ಎದುರುಬದುರು ತಿರುಗಿಸಿಬಿಟ್ಟಿದ್ದಳು. ಮಾತು ಬಿಟ್ಟಿದ್ದ ಬೀಗರು ಮುಖ ತಿರುಗಿಸಿ ಎಲ್ಲಿಗೆ ಹೋಗಬೇಕು? ಊಟದ ಹೊತ್ತಿಗೆ ಹಳೇ ಜಗಳ ಮತ್ತೆ ಶುರು!

"ಮಾತಂತೂ ಆಡಿದ್ರಲ್ಲ!" ಎಂದಳು ಅತ್ತೆ.

ಇಂಥವಳ ಕೈಗೆ ಸಂಡೂರಿನ ಗ್ರಂಥಾಲಯದ ಪ್ರದರ್ಶನ ಸಿಕ್ಕಿತು. ಸುತ್ತಲಿನ ಗುಡ್ಡಗಳ ಹಳೆಯ ಫೋಟೊಗಳು. ಡ್ರಾಯಿಂಗ್ ಟೀಚರ್ ಆಗಿದ್ದವಳು, ಚೆಂದ ಜೋಡಿಸಿಯಾಳು ಎಂದು ಗ್ರಂಥಪಾಲಕರು ನಂಬಿದ್ದರು. ಪಾಪ!

ಅವರು ಗೋಡೆಗೆ ಸಾಲಾಗಿ ತೂಗುಹಾಕಿದ್ದ ಫೋಟೊಗಳನ್ನು ಇವಳು ಇಳಿಸಿ, ಗಿಡ್ಡ ಸ್ಟೂಲುಗಳ ಮೇಲಿಟ್ಟು, ಮುಂದೆ ಚಾಪೆ ಹಾಸಿದಳು. ಬೆಳಕು ಫೋಟೊಗಳ ಮೇಲಷ್ಟೇ ಬೀಳಲೆಂದು ಒಂದು ಕಿಟಕಿ ಬಿಟ್ಟು ಉಳಿದವನ್ನೆಲ್ಲ ಮುಚ್ಚಿದಳು.

"ದೊಡ್ಡ ಮನಿಷ್ಯಾರು ಬರ್ತಾರ್ರಿ ಮೇಡಂ! ನೆಲಕ್ಕ ಕುಂದ್ರಬೇಕೇನು?" ಎಂದರು ಗ್ರಂಥಪಾಲಕರು.

"ಕುಂದ್ರಲಿ. ನಿಂತು ನೋಡಿದ್ರ ಕ್ಯಾಲೆಂಡರ್ ನೋಡಿದಂಗ. ಕುಂತ್ರ ಗುಡ್ಡ ನಮಗಿಂತ ಎತ್ತರ ಆಗತೈತಿ."

ಅವರು ಸ್ಟೂಲುಗಳನ್ನು ಒಳಗಿಟ್ಟು ಬೀಗ ಹಾಕಿದರು. ಅತ್ತೆ ಬಗ್ಗುವವಳೇ? ರದ್ದಿ ಪೇಪರಿನ ಕಟ್ಟುಗಳ ಮೇಲೆ ಫೋಟೊ ಇಟ್ಟು, ನಡುವೆ ತಾನೂ ಕುಳಿತಳು.

"ತಗೀರಿ ನೋಡೋಣು! ಮೊದ್ಲು ನನ್ನ ಎತ್ತಿ ಹೊರಗಿಡ್ರಿ!"

ಗ್ರಂಥಪಾಲಕರು ಅತ್ತೆಯ ಗಾತ್ರ ನೋಡಿ ಬೀಗದ ಕೈ ಕೊಟ್ಟರು.

ಉದ್ಘಾಟನೆಗೆ ಬಂದ ಮುಖಂಡರು ಇಸ್ತ್ರಿ ಪಂಚೆಯಲ್ಲಿ ಹೇಗೋ ಚಾಪೆಗಿಳಿದರು. ಇಳಿದವರು ಫೋಟೊದ ಗುಡ್ಡ ನೋಡಲು ಕತ್ತೆತ್ತಿದರು. "ಇದು... ಇಷ್ಟು ದೊಡ್ಡದಿತ್ತೇನು?" ಎಂದರು. ಭಾಷಣ ಮರೆತೇಹೋಯಿತು. ಅವರನ್ನು ಎಬ್ಬಿಸಲು ಇಬ್ಬರು ಬೇಕಾದರು! "ಇದು ನಮ್ಮ ಹೊಸ ಪ್ಲ್ಯಾನ್ ಸರ್," ಎಂದು ಹಿಗ್ಗಿದವರು ಯಾರು ಗೊತ್ತೇ? ಗ್ರಂಥಪಾಲಕರು!

ಕಡೆಯ ದಿನ, ಜನ ಕರಗಿದ ಮೇಲೆ, ಮಾವ ಬಂದರು. ಗಣಿಯಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರ ಓಡಿಸಿ ನಿವೃತ್ತರಾದವರು. ಅಷ್ಟು ದಿನವೂ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಒಂದು ಫೋಟೊದ ಮುಂದೆ ಮಂಡಿಯೂರಿ ಕುಳಿತವರು ಬಹಳ ಹೊತ್ತು ಏಳಲಿಲ್ಲ.

"ಲೇ, ಈ ಗುಡ್ಡ ಈಗಿಲ್ಲ. ನಾನೇ ಅಗದೀನಿ."

ಊರನ್ನೇ ಎದುರು ಹಾಕಿಕೊಂಡ ನಮ್ಮತ್ತೆ ಮೆಲ್ಲಗೆ ಅವರ ಪಕ್ಕ ಕುಳಿತಳು.

"ಅದರ ಅನ್ನ ನಾನೂ ಉಂಡೀನ್ರಿ," ಎಂದಳು. ಅವರ ಒರಟು ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.