ನನ್ನ ಮಗಳಿಗೆ ನನ್ನ ಪಾತ್ರ ಕೊಟ್ಟವರಿಗೆ

ಹದಿಹರೆಯದವರಿಗೆ ಕ್ಯಾಮೆರಾ ಮುಂದಿನ ನಟನೆ ಕಲಿಸುವ ಮಾನ್ಯ ಮೇಷ್ಟ್ರೇ,

ತಾವೂ ತಮ್ಮ ದೀಪಗಳೂ ಕ್ಷೇಮವೆಂದು ನಂಬಿ, ಲಿಫ್ಟ್ ರಿಪೇರಿ ಮಾಡುವ ತಂದೆಯೊಬ್ಬ ಸವಿನಯವಾಗಿ ಸಲ್ಲಿಸುವ ದೂರು.

ತಮ್ಮಲ್ಲಿಗೆ ಸೇರುವಾಗ ನನ್ನ ಹದಿನಾರರ ಮಗಳು "ಹ್ಞೂಂ" ಬಿಟ್ಟರೆ ಬೇರೆ ಮಾತಾಡದ, ಯಾರಿಗೂ ತೊಂದರೆ ಕೊಡದ ಹುಡುಗಿಯಾಗಿದ್ದಳು. ಕ್ಯಾಮೆರಾ ಹತ್ತಿರವೇ ಇರುವುದರಿಂದ ಕೂಗಾಡಬೇಕಿಲ್ಲ, ಮನಸ್ಸಿನಲ್ಲಿ ಅಂದುಕೊಂಡರೆ ಮುಖದಲ್ಲಿ ಕಾಣುತ್ತದೆ ಎಂದು ತಾವು ಕಲಿಸಿದಿರಿ. ಅವಳು ಕನ್ನಡಿ ಮುಂದೆ ಒಂದೇ ಹುಬ್ಬು ಏರಿಸುವುದನ್ನು ಕಂಡು ಅವಳ ಅಜ್ಜಿ ಕಣ್ಣಿಗೆ ಹಾಕುವ ಔಷಧಿ ತಂದರು. ಅಷ್ಟನ್ನು ಸಹಿಸಿಕೊಂಡೆವು.

ಆಮೇಲೆ ತಾವು, ಮನೆಯವರೊಬ್ಬರನ್ನು ವಾರವಿಡೀ ಗಮನಿಸಿ ಎರಡು ನಿಮಿಷ ಅವರಾಗಿ ನಟಿಸಿ ಎಂದಿರಿ. ಪ್ರದರ್ಶನದ ದಿನ ನಾನು ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪರದೆಯ ಮೇಲೆ ನನ್ನ ಕೆಲಸದ ಅಂಗಿ ಬಂತು, ಒಳಗೆ ಮಗಳು. ಚೀಲ ಇಳಿಸಿದಳು, ಒಂದು ಬೂಟಿನಿಂದ ಇನ್ನೊಂದನ್ನು ಕಳಚಿದಳು, ಫೋನಿನಿಂದ ಕಣ್ಣೆತ್ತದೆ "ಸ್ಕೂಲು ಹೇಗಿತ್ತಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ "ಒಳ್ಳೇದು, ಒಳ್ಳೇದು" ಎಂದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಅಷ್ಟರಲ್ಲಿ ಕ್ಯಾಮೆರಾ ಎದುರಿನ ಕುರ್ಚಿಗೆ ತಿರುಗಿತು. ಅಲ್ಲಿ ಅವಳು ಅವಳಾಗಿಯೇ ಕೂತು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಅಳಲೂ ಇಲ್ಲ. ನನ್ನ ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಕೇಳಿದೆ: "ನಾನು ಅಷ್ಟೊಂದು ಹಾಗೆ ಮಾಡ್ತೀನಾ?"

"ಇಲ್ಲಪ್ಪ, ಸ್ವಲ್ಪ ಕಮ್ಮಿ ಮಾಡಿ ತೋರಿಸಿದೀನಿ. ಅತಿ ಮಾಡಬಾರದು ಅಂತ ಮೇಷ್ಟ್ರು ಹೇಳಿದಾರೆ."

ಮರುದಿನ ಸಂಜೆ ಫೋನನ್ನು ಚೀಲಕ್ಕೆ ಹಾಕಿ, ಅದೇ ಪ್ರಶ್ನೆ ಕೇಳಿ, ಕಾದೆ. ನಾನು ನಟಿಸುತ್ತಿದ್ದೇನೋ ಎಂದು ಅವಳು ತುಸು ಹೊತ್ತು ಪರೀಕ್ಷಿಸಿದಳು. ಆಮೇಲೆ ಹೇಳಿದಳು: ಅವಳ ಧ್ವನಿಯನ್ನು ಗೆಳತಿಯರು ಆಡಿಕೊಂಡು ನಕ್ಕದ್ದು, ನಾಲ್ಕು ತಿಂಗಳಿಂದ ಅವಳು ಶಾಲೆಯ ಮೆಟ್ಟಿಲ ಮೇಲೆ ಒಬ್ಬಳೇ ಊಟ ಮಾಡುತ್ತಿರುವುದು. ನಾಲ್ಕು ತಿಂಗಳೂ ನಾನು ಒಳ್ಳೇದು, ಒಳ್ಳೇದು ಎಂದಿದ್ದೆ, ಸ್ವಾಮೀ. ಆ ವಾರವೇ ರಜೆ ಹಾಕಿ ಇಬ್ಬರೂ ಹೋಗಿ ತರಗತಿಯ ಟೀಚರನ್ನು ಕಂಡೆವು. ಈಗ ಊಟಕ್ಕೆ ಜೊತೆಗೊಬ್ಬಳು ಸಿಕ್ಕಿದ್ದಾಳಂತೆ.

ಆದ್ದರಿಂದ ನನಗಾದ ನಷ್ಟವನ್ನು ದಯವಿಟ್ಟು ಗಮನಿಸಬೇಕು. ದಿನವೂ ಮುಕ್ಕಾಲು ಗಂಟೆ ಅವಳ ಮಾತು ಕೇಳಬೇಕು, ಚಹಾ ಆರುತ್ತದೆ, ಯಾವ ಪಂದ್ಯವನ್ನು ಯಾರು ಗೆದ್ದರೆಂಬುದೇ ತಿಳಿಯುತ್ತಿಲ್ಲ. ತಾವು ನಲವತ್ತು ದಾಟಿದ ಅಪ್ಪಂದಿರಿಗೆ ಕೇಳಿಸಿಕೊಳ್ಳುವ ತರಗತಿಯೊಂದನ್ನು ತೆರೆಯಬೇಕು. ಆ ಎರಡು ನಿಮಿಷವನ್ನು ಭೂಮಿಯ ಮೇಲಿನ ಎಲ್ಲ ಫೋನುಗಳಿಂದ ಅಳಿಸಿಕೊಡಬೇಕು, ನನ್ನದೊಂದನ್ನು ಬಿಟ್ಟು.

ತಮ್ಮ ವಿಶ್ವಾಸಿ,
ಪರದೆಯ ಮೇಲಿನ ಅಪ್ಪನ ಅಸಲು ಪ್ರತಿ

ತಾಜಾ ಕಲಂ: ಅವಳೀಗ ತಮ್ಮನ್ನು ಗಮನಿಸುತ್ತಿದ್ದಾಳೆ. ತಾವು ಕನ್ನಡಕವನ್ನು ಹಣೆಗೇರಿಸಿಕೊಂಡು, ಅದೆಲ್ಲಿ ಹೋಯಿತೆಂದು ಮಕ್ಕಳನ್ನು ಗದರುವುದನ್ನು ನಿನ್ನೆ ಮಾಡಿ ತೋರಿಸಿದಳು. ಸ್ವಲ್ಪ ಕಮ್ಮಿಯೇ ಮಾಡಿದಳಂತೆ.